ಮೇಲಿನ ಸಾಲಿನ ಅರೆಪೆಟ್ಟಿಗೆ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅವರ ಕಿವಿಯ ಮೇಲಿದ್ದ ಪೆನ್ಸಿಲ್ ಕೆಂಪೋ ನೀಲಿಯೋ ಎಂಬಷ್ಟರಲ್ಲೇ ಅನುಮಾನವಿದ್ದಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ, ಯಾವುದು ಯಾವ ಮನೆಯಲ್ಲಿ ಎಂಬುದೇ ನನಗೆ ಕಲಸಿಹೋಗಿದೆ. ಒಬ್ಬ ಮನುಷ್ಯನಿಗೆ ಕಳ್ಳನೆಂಬ ಹೆಸರು ಬಂತು. ಅದು ನಮ್ಮ ಮನೆಯ ದೆಸೆಯಿಂದ ಬಂತೇ ಎಂಬುದು ಆ ಹಿಂದುಮುಂದಿನ ಮೇಲೆ ನಿಂತಿದೆ.

ಕಳೆದ ತಿಂಗಳು ಊಟಿಯ ಮಾರ್ಕೆಟ್ಟಿನಲ್ಲಿ, ಹಿಂದೆ ಅಪ್ಪನ ಜೊತೆ ಲಾರಿ ಓಡಿಸುತ್ತಿದ್ದವರೊಬ್ಬರು ಸಿಕ್ಕಿದರು. ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಅವರನ್ನು ನೋಡಿದ್ದು ಅದೇ ಮೊದಲು. ಕ್ಯಾರೆಟ್ ಮುರಿದು ನೋಡುತ್ತಲೇ ಅವರು ಹೇಳಿದರು: "ನಿಂಗಳ ಗೋಡೆ ಅಣ್ಣ ಹೋಗಿಬಿಟ್ಟ, ಕೂಸೆ. ತೆಪ್ಪಕಾಡಿನಲ್ಲಿ. ಮೂರು ವಾರ ಆಯ್ತು." ಅವರು ಇನ್ನೊಂದು ಕ್ಯಾರೆಟ್ ಮುರಿದರು. "ಎಂಥ ಕೆಲಸಗಾರ! ಆ ಒಂದು ಕಳ್ಳತನ ಮಾಡದೆ ಇದ್ದಿದ್ದರೆ ಎಲ್ಲೋ ಇರಬೇಕಾಗಿತ್ತು."

ಹದಿನೆಂಟು ವರ್ಷಗಳ ಮೇಲೂ ಅವರ ಸಾವಿನ ಸುದ್ದಿಯ ಬೆನ್ನಿಗೇ ಆ ಮಾತು ಬಂತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಮಕ್ಕಳೆಲ್ಲ ಗೋಡೆ ಅಣ್ಣ ಎನ್ನುತ್ತಿದ್ದೆವು. ಅವಲಾಂಚ್ ಕಡೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ ಅದು. ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಅಪ್ಪ ಲಾರಿ ಓಡಿಸುತ್ತಿದ್ದರು, ಗೋಡೆ ಅಣ್ಣ ಅದೇ ಕಂಟ್ರಾಕ್ಟರನ ವರ್ಕ್‌ಶಾಪಿನಲ್ಲಿ ಮರದ ಕೆಲಸ ಮಾಡುತ್ತಿದ್ದರು. ಕ್ಯಾಂಪಿನಲ್ಲಿ ಹಲಗೆ ಗೋಡೆ, ತಗಡಿನ ಸೂರಿನ ಮನೆಗಳ ಸಾಲು. ನನಗೆ ಒಂಬತ್ತು ವರ್ಷ. ಅವ್ವೆ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪನ ತಂಗಿ, ನಮ್ಮ ಮಾತಿನಲ್ಲಿ ಮಾಮಿ, ಗಂಡನ ಮನೆ ಒಗ್ಗದೆ ವಾಪಸು ಬಂದವಳು, ನಮಗೆ ಅಡುಗೆ ಮಾಡಿಕೊಂಡು ಜೊತೆಗಿದ್ದಳು. ನಮ್ಮ ಬೆಟ್ಟದ ಊರುಗಳಲ್ಲಿ, ಅಂದರೆ ಹಟ್ಟಿಗಳಲ್ಲಿ, ಹಾಗೆ ವಾಪಸು ಬರುವುದು ದೊಡ್ಡ ಅವಮಾನವೇನಲ್ಲ. ಇನ್ನೊಂದು ಮನೆ ನೋಡುತ್ತಾರೆ. ಆದರೆ ನೋಡುವವರೆಗೆ ಹೆಣ್ಣಿನ ಬಗ್ಗೆ ಯಾರೂ ಏನೂ ಆಡಿಕೊಳ್ಳದಂತೆ ಇರಬೇಕು.

ಗೋಡೆ ಅಣ್ಣ ವೀರಶೈವರ ಹಳೆಯ ಮನೆಯೊಂದರವರು. ನಾವೂ ಅವರೂ ಆಡುವುದು ಒಂದೇ ಮಾತು, ಹೆಣ್ಣು ಕೊಟ್ಟು ತರುವ ಮನೆಗಳಲ್ಲ. ಅವರ ಹಟ್ಟಿಯವರು ಆಲೂಗಡ್ಡೆ ಬೆಳೆಯುವವರು. ಇವರೊಬ್ಬರು ಊಟಿಯ ಒಂದು ಕುರ್ಚಿ ಮೇಜಿನ ಅಂಗಡಿಗೆ ಸೇರಿ ಉಳಿ ಹಿಡಿದರು. ಹಲಗೆ ನಯಮಾಡುವ ತೋಪಡಾ ಹೊಡೆಯಲು ಬಗ್ಗುವ ಮೊದಲು ಕತ್ತಿನ ಲಿಂಗವನ್ನು ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಇದು ಖಂಡಿತ ನೆನಪಿದೆ. ಎಡಗೈಯವರು ಎಂಬುದೂ ಖಂಡಿತ.

ಮನುಷ್ಯರ ಜೊತೆ ಮಾತಾಡುವಾಗ ಅವರು ನೋಡುತ್ತಿದ್ದದ್ದು ಮನುಷ್ಯರ ಹಿಂದಿನ ಗೋಡೆಯನ್ನು. ಯಾರ ಮನೆಗೆ ಬಂದರೂ ಮೊದಲು ಅಂಗೈಯನ್ನು ಗೋಡೆಯ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು, ವೈದ್ಯರು ಮಗುವಿನ ಎದೆಯ ಮೇಲೆ ಇಡುವ ಹಾಗೆ. ವರ್ಕ್‌ಶಾಪಿನವರು ತಮಾಷೆ ಮಾಡುತ್ತಿದ್ದರು: "ಅಣ್ಣನಿಗ ಹೆಣ್ಣು ತೋರಿಸೋಕೆ ಕರಕೊಂಡು ಹೋದೆವು. ವಾಪಸು ಬರುವಾಗ ಹೆಣ್ಣು ಹೇಗಣ್ಣ ಅಂದ್ರೆ, ಎಂಟು ಮೊಳ ಇದೆ, ಕಿಟಕಿ ಮಾತ್ರ ತಪ್ಪು ಜಾಗದಲ್ಲಿದೆ ಅಂದ!" ಅಣ್ಣ ನಗುತ್ತಿರಲಿಲ್ಲ. "ಆಮಾ, ಹೌದು, ಕಿಟಕಿ ತಪ್ಪು ಜಾಗದಲ್ಲೇ ಇತ್ತು" ಎನ್ನುತ್ತಿದ್ದರು.

ಆ ಕ್ಯಾಂಪಿನಲ್ಲಿ ನೆಲದ ಮೇಲೆ ಏನಿಟ್ಟರೂ ಉಳಿಯುತ್ತಿರಲಿಲ್ಲ. ಮಂಜು ಬಾಗಿಲ ಸಂದಿನಿಂದ ನುಗ್ಗಿ ಮೂಲೆಯಲ್ಲಿ ನೀರಾಗುತ್ತಿತ್ತು. ಅಕ್ಕಿ ಮುಗ್ಗುತ್ತಿತ್ತು, ಬಟ್ಟೆಗೆ ಬೂಷ್ಟು ಹಿಡಿಯುತ್ತಿತ್ತು. ನನ್ನ ಮೂರನೇ ತರಗತಿಯ ಪುಸ್ತಕದ ರಟ್ಟನ್ನು ಇಲಿ ತಿಂದದ್ದು ಅಲ್ಲೇ. "ನೆಲ ಕಳ್ಳ, ಕೂಸೆ. ಏನು ಕೊಟ್ಟರೂ ನುಂಗುತ್ತೆ. ಗೋಡೆ ನೋಡು, ಸುಮ್ಮನೆ ನಿಂತಿದೆ. ಅದಕ್ಕೂ ಒಂದು ಕೆಲಸ ಕೊಡಬೇಕು." ಇದು ಗೋಡೆ ಅಣ್ಣನ ಮಾತು. ಅವರ ಮಾತನ್ನು ನಾನು ಕನ್ನಡಕ್ಕೆ ಎಳೆದು ಬರೆಯುತ್ತಿದ್ದೇನೆ ಎಂಬುದೂ ಗೊತ್ತು. ಮೈಸೂರಿನಲ್ಲಿ ಐದು ವರ್ಷ ಓದಿದ ಮೇಲೆ ನನ್ನ ನೆನಪಿನ ಜನರೆಲ್ಲ ಅರ್ಧ ಮೈಸೂರಿನವರಾಗಿದ್ದಾರೆ.

ಅವರು ಗೋಡೆಗೆ ಕೊಟ್ಟ ಕೆಲಸ ಇದು. ಗೋಡೆಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಹೊಡೆಯುತ್ತಿದ್ದರು. ಅದರ ಮೇಲಂಚನ್ನು ಗೋಡೆಯ ಕಡೆಗೆ ಇಳಿಜಾರಾಗಿ ಕೊಯ್ದಿರುತ್ತಿದ್ದರು. ಪೆಟ್ಟಿಗೆಯ ಬೆನ್ನಿಗೆ ಅದೇ ಓರೆಯ ಇನ್ನೊಂದು ಪಟ್ಟಿ, ತಲೆಕೆಳಗಾಗಿ. ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ ಕೆಳಕ್ಕೆ ಬಿಟ್ಟರೆ ಟಕ್ಕೆಂದು ಒಂದರೊಳಗೊಂದು ಕೂರುತ್ತಿತ್ತು. ಕೊಕ್ಕೆಯಿಲ್ಲ, ತಿರುಪಿಲ್ಲ. ಭಾರ ಹೆಚ್ಚಿದಷ್ಟೂ ಗೋಡೆಗೆ ಒತ್ತಿಕೊಳ್ಳುತ್ತಿತ್ತು. ತೆಗೆಯಬೇಕಾದರೆ ಎತ್ತಿದರಾಯಿತು.

ಪೆಟ್ಟಿಗೆಗಳಲ್ಲಿ ಮೂರೇ ಅಳತೆ. ಪೂರ್ತಿಪೆಟ್ಟಿಗೆ ಎರಡು ಮೊಳ ಅಗಲ, ಅರೆಪೆಟ್ಟಿಗೆ ಒಂದು ಮೊಳ, ಕಾಲುಪೆಟ್ಟಿಗೆ ಒಂದು ಗೇಣು. ಎತ್ತರ, ಆಳ ಎಲ್ಲಕ್ಕೂ ಒಂದೇ. ಹಾಗಾಗಿ ಒಂದು ಪೂರ್ತಿಯ ಜಾಗದಲ್ಲಿ ಎರಡು ಅರೆ ಕೂರುತ್ತಿದ್ದವು, ಒಂದು ಅರೆಯ ಜಾಗದಲ್ಲಿ ಎರಡು ಕಾಲು. ಯಂತ್ರಗಳು ಬರುತ್ತಿದ್ದ ದೊಡ್ಡ ಕ್ರೇಟುಗಳ ಹಲಗೆಯಿಂದ ಮಾಡುತ್ತಿದ್ದರು. ಹಲಗೆಯ ಮೇಲೆ ಅಚ್ಚೊತ್ತಿದ್ದ ಇಂಗ್ಲಿಷ್ ಅಕ್ಷರಗಳು ತುಂಡಾಗಿ ನಮ್ಮ ಮನೆಗಿಷ್ಟು, ಪಕ್ಕದ ಮನೆಗಿಷ್ಟು ಹಂಚಿಹೋಗಿದ್ದವು. ನಮ್ಮ ಉಪ್ಪಿನ ಪೆಟ್ಟಿಗೆಯ ಮೇಲೆ ಒಂದು ತಲೆಕೆಳಗಾದ ಬಾಣದ ಗುರುತಿತ್ತು.

ಕ್ಯಾಂಪಿನ ಎಲ್ಲ ಮನೆಗೂ ಪಟ್ಟಿ ಒಂದೇ ಎತ್ತರದಲ್ಲಿ. ಯಾರಿಗಾದರೂ ಬೇರೆ ಕ್ಯಾಂಪಿಗೆ ಹೋಗಬೇಕಾಗಿ ಬಂದರೆ ಪಟ್ಟಿ ಗೋಡೆಯಲ್ಲೇ ಬಿಟ್ಟು ಪೆಟ್ಟಿಗೆಗಳನ್ನು ಸಾಮಾನು ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಯ ಗೋಡೆಗೆ ಗೋಡೆ ಅಣ್ಣ ಮೊದಲೇ ಪಟ್ಟಿ ಹೊಡೆದಿರುತ್ತಿದ್ದರು. ಸಂಜೆ ಖಾಲಿ ಮಾಡಿದ ಅಡುಗೆಮನೆ ಮರುದಿನ ಬೆಳಿಗ್ಗೆ ಇನ್ನೊಂದು ಬೆಟ್ಟದ ಮೇಲೆ ಹಾಗೆಯೇ ನಿಂತಿರುತ್ತಿತ್ತು.

ನಮ್ಮ ಹಟ್ಟಿಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಇದನ್ನು ನೋಡಿ ಮಾಮಿಯನ್ನು ಹಂಗಿಸಿದಳು: "ಏನಮ್ಮ, ನಿಂಗಳ ಮನೆಗ ನೆಲವೇ ಇಲ್ಲೆಯಾ? ನೆಂಟರು ಬಂದರೆ ಅವರನ್ನೂ ನೇತು ಹಾಕುತ್ತೀರಾ?"

ಮಾಮಿ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ನೀ ಪೂರ್ತಿಪೆಟ್ಟಿಗೆ ಅಳತೆ ಅಕ್ಕಾ. ಜಾಗ ಇಲ್ಲೆ."

ಪಟ್ಟಿ ಹೊಡೆಯುವಾಗ ನನಗೊಂದು ಕೆಲಸವಿತ್ತು. ಗೋಡೆ ಅಣ್ಣನ ಹತ್ತಿರ ಒಂದು ರಸಮಟ್ಟ ಇತ್ತು. ಒಂದೂವರೆ ಗೇಣು ಉದ್ದದ ಕರಿಮರ, ಎರಡು ತುದಿಗೂ ಹಿತ್ತಾಳೆಯ ತೊಡಿಗೆ, ನಡುವೆ ಗಾಜಿನ ಕೊಳವೆಯಲ್ಲಿ ಹಸಿರು ಹಳದಿಯ ನೀರು, ಅದರಲ್ಲೊಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ಮಧ್ಯೆ ನಿಂತರೆ ಪಟ್ಟಿ ಮಟ್ಟವಾಗಿದೆ ಎಂದರ್ಥ. ಅವರು ಪಟ್ಟಿಯ ಒಂದು ತುದಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ನಾನು ಸ್ಟೂಲಿನ ಮೇಲೆ ನಿಂತು ಗುಳ್ಳೆ ನೋಡುತ್ತಿದ್ದೆ. ನಡುವೆ ಬಂದ ಕೂಡಲೇ "ಬಂತು, ಬಂತು" ಎಂದು ಕೂಗಬೇಕು. ಕೂಗಿದ ತಕ್ಷಣ ಮೊಳೆ ಬೀಳುತ್ತಿತ್ತು. ಒಮ್ಮೆ ಬೇಕೆಂದೇ ತಪ್ಪು ಕೂಗಿದೆ. ಅವರು ಸುತ್ತಿಗೆ ಎತ್ತಿ ಹಾಗೇ ನಿಂತರು. "ಗುಳ್ಳೆ ಸುಳ್ಳು ಹೇಳಿಲ್ಲ. ಹೇಳಿದ್ದು ಯಾರು?" ನಾನು ಅತ್ತುಬಿಟ್ಟೆ. ಆಮೇಲೆ ಎಂದೂ ತಪ್ಪು ಕೂಗಲಿಲ್ಲ.

ರಸಮಟ್ಟ ಅವರ ಸ್ವಂತದ್ದಲ್ಲ, ವರ್ಕ್‌ಶಾಪಿನದು. ವರ್ಕ್‌ಶಾಪಿನ ದೊಡ್ಡ ಗೋಡೆಯನ್ನೂ ಅವರೇ ಮಾಡಿದ್ದರು. ಗರಗಸ, ಉಳಿ, ಬೈರಿಗೆ, ಇಕ್ಕಳ ಎಲ್ಲಕ್ಕೂ ಒಂದೊಂದು ಜಾಗ. ಪ್ರತಿಯೊಂದರ ಹಿಂದೆಯೂ ಹಲಗೆಯ ಮೇಲೆ ಅದರ ಆಕಾರವನ್ನು ಕೆಂಪು ಬಣ್ಣದಲ್ಲಿ ತುಂಬಿ ಬರೆದಿದ್ದರು. ಸಾಮಾನು ಜಾಗದಲ್ಲಿದ್ದರೆ ಕೆಂಪು ಕಾಣುವುದಿಲ್ಲ. ತೆಗೆದರೆ ಕೆಂಪು ಗರಗಸ, ಕೆಂಪು ಇಕ್ಕಳ ಬಾಗಿಲಿನಿಂದಲೇ ಕಾಣುತ್ತದೆ. ಸಂಜೆ ಕೆಲಸ ಬಿಡುವ ಸೈರನ್, ನಮ್ಮ ಮಾತಿನ ಶಂಖ, ಕೂಗಿದ ಮೇಲೆ ಅವರು ಬಾಗಿಲಲ್ಲಿ ನಿಂತು ಒಂದು ಸಲ ಗೋಡೆ ನೋಡುತ್ತಿದ್ದರು. ಎಲ್ಲಾದರೂ ಕೆಂಪಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಈ ನಿಯಮ ಅವರದೇ.

ಮನೆಗಳಿಗೂ ಅವರದೊಂದು ನಿಯಮವಿತ್ತು. ಕೆಳಗಿನ ಎರಡು ಸಾಲು ಎಲ್ಲರದು. ಮೂರನೆಯ, ಮೇಲಿನ ಸಾಲು ಬೇಕಾದವರಿಗೆ ಮಾತ್ರ, ಅದು ಹೆಂಗಸರದು. ಕ್ಯಾಂಪಿನ ಮನೆಗೆ ಒಂದೇ ಕೋಣೆ. ಹೆಂಗಸರ ಬಟ್ಟೆ, ಅವರದೇ ಎಂಬ ನಾಲ್ಕು ಸಾಮಾನು ಇಡಲು ಬೇರೆ ಜಾಗವಿರಲಿಲ್ಲ. "ಮೇಲಿನ ಸಾಲಿಗ ಗಂಡಸರು ಕೈ ಹಾಕಕೂಡದು. ಕಟ್ಟಿದ ಎನ್ನನ್ನೂ ಸೇರಿಸಿ" ಎನ್ನುತ್ತಿದ್ದರು. ಎಲ್ಲ ಮನೆಗಳಲ್ಲೂ ಅದನ್ನು ಪಾಲಿಸಿದರು. ಕುಡಿದು ಬಂದ ಗಂಡಸರೂ ಪಾಲಿಸಿದರು. ಮನೆ ಬದಲಿಸುವಾಗ ಆ ಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಹೆಂಗಸರೇ ಹೊರುತ್ತಿದ್ದರು.

ನಮ್ಮ ಮನೆಗೆ ಮೇಲಿನ ಸಾಲು ಹೊಡೆದದ್ದು ತಡವಾಗಿ. ಮಾಮಿ ಕೇಳಿದಳೋ ಅವರೇ ಮಾಡಿದರೋ ಗೊತ್ತಿಲ್ಲ. ಅದು ಒಂದು ಮಧ್ಯಾಹ್ನ, ಅಪ್ಪ ಲಾರಿಯಲ್ಲಿ ಮೇಟುಪಾಳ್ಯಕ್ಕೆ ಹೋಗಿದ್ದರು, ಇಷ್ಟು ಸರಿ. ನಾನು ಶಾಲೆಯಿಂದ ಬಂದೆ. ಅಣ್ಣ ಒಳಗಿದ್ದರು ಎಂದು ಒಮ್ಮೆ ನೆನಪಾಗುತ್ತದೆ. ಆಗಲೇ ಹೋಗಿದ್ದರು, ಗೋಡೆಯ ಮೇಲೆ ಹೊಸ ಪಟ್ಟಿ, ಒಂದು ಅರೆಪೆಟ್ಟಿಗೆ, ನೆಲದ ಮೇಲೆ ಮರದ ಪುಡಿ ಮಾತ್ರ ಇತ್ತು ಎಂದು ಇನ್ನೊಮ್ಮೆ. ಮಾಮಿ ಪುಡಿ ಗುಡಿಸುತ್ತಿದ್ದಳು. "ಯಾರು ಬಂದಿದ್ದರು ಅಂತ ಯಾರಾದರೂ ಕೇಳಿದರೆ ಯಾರೂ ಇಲ್ಲೆ ಅನ್ನು" ಎಂದಳು. ಇದು ನೆನಪೋ, ನಾನು ಈಗ ಸೇರಿಸಿದ್ದೋ? ಹದಿನೆಂಟು ವರ್ಷ ನೆನಪಾಗದಿದ್ದ ಮಾತು ಕಳೆದ ತಿಂಗಳಿನಿಂದ ಇಷ್ಟು ಸ್ಪಷ್ಟವಾಗಿ ಕೇಳಿಸುವುದು ಅನುಮಾನಕ್ಕೆ ಕಾರಣ. ಆಗ ಎಡಪಳ್ಳಿಯ ಕಡೆಯ ಒಂದು ಮನೆಯಿಂದ ಮಾಮಿಗೆ ಸಂಬಂಧದ ಮಾತುಕತೆ ನಡೆಯುತ್ತಿತ್ತು ಎಂಬುದು ಮಾತ್ರ ನಿಜ.

ಅದಾಗಿ ಒಂದೆರಡು ದಿನಕ್ಕೋ ಅದೇ ದಿನವೋ, ಸಂಜೆ ವರ್ಕ್‌ಶಾಪಿನ ಗೋಡೆಯಲ್ಲಿ ಕೆಂಪು ಕಂಡಿತು. ರಸಮಟ್ಟದ ಜಾಗ. ಅದನ್ನು ಮೊದಲು ನೋಡಿದ್ದು ಸೂಪರ್‌ವೈಸರ್. ಬಾಗಿಲಲ್ಲಿ ನಿಂತವರಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಹಾಗೆ ಕಾಣಲೆಂದೇ ಅದನ್ನು ಬರೆದಿದ್ದರು.

ನಾವು ಮಕ್ಕಳು ಬಾಗಿಲ ಹೊರಗೆ ಗುಂಪುಗೂಡಿದ್ದೆವು. ಲಾರಿ ನಿಲ್ಲಿಸಿ ಬಂದ ಅಪ್ಪನೂ ಅಲ್ಲಿದ್ದರು.

"ಎಲ್ಲಿ?" ಎಂದರು ಸೂಪರ್‌ವೈಸರ್.

ಅಣ್ಣ ಕೆಂಪು ಆಕಾರವನ್ನೇ ನೋಡುತ್ತಿದ್ದರು.

"ಮಧ್ಯಾಹ್ನ ಎರಡು ಗಂಟೆ ಹೊತ್ತು ಕಾಣಲಿಲ್ಲವಂತೆ ನೀನು. ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲೆ."

"ರಸಮಟ್ಟ ಎಲ್ಲಿ ಅಂತ ಕೇಳಿದೆ."

ಇಲ್ಲಿ ಅಣ್ಣ "ಇಟ್ಟ ಕಡೆ ಇದೆ" ಎಂದರು. ನನ್ನ ಕಿವಿಯಲ್ಲಿ ಅದು ಇವತ್ತಿಗೂ ಇದೆ. ಅಪ್ಪ ಮಾತ್ರ ಸಾಯುವವರೆಗೂ ಹೇಳುತ್ತಿದ್ದರು: "ಅವ ಏನೂ ಹೇಳಲಿಲ್ಲ. ಒಂದು ಮಾತು ಆಡಿದ್ದರೆ ಬಿಡುತ್ತಿದ್ದರು." ಇಬ್ಬರೂ ಒಂದೇ ಬಾಗಿಲಲ್ಲಿದ್ದೆವು. ಒಬ್ಬರು ಕೇಳದ್ದನ್ನು ಇನ್ನೊಬ್ಬರು ಕೇಳಿದ್ದೇವೆ, ಅಥವಾ ಒಬ್ಬರು ಕೇಳಿಸಿಕೊಂಡದ್ದನ್ನು ಬೇಡವೆಂದು ಬಿಟ್ಟಿದ್ದೇವೆ.

ಅಣ್ಣನ ಕೋಣೆ ಹುಡುಕಿದರು. ಸಾಲು ಮನೆಗಳನ್ನೂ ಹುಡುಕಿದರು. ನಮ್ಮ ಮನೆಗೂ ಇಬ್ಬರು ಬಂದು ಕೆಳಗಿನ ಎರಡು ಸಾಲಿನ ಪೆಟ್ಟಿಗೆ ಇಳಿಸಿ ನೋಡಿದರು. ಮೇಲಿನ ಸಾಲಿನ ಮುಂದೆ ನಿಂತರು. ಮಾಮಿ ಸೆರಗು ಸರಿಮಾಡಿಕೊಂಡು "ಅದು ಎನ್ನದು" ಎಂದಳು. "ಗೊತ್ತಮ್ಮ" ಎಂದು ಹೋದರು. ಹಾಗೆ ಕ್ಯಾಂಪಿನ ಯಾವ ಮನೆಯ ಮೇಲಿನ ಸಾಲನ್ನೂ ಮುಟ್ಟಲಿಲ್ಲ. ಅದು ಗೋಡೆ ಅಣ್ಣನ ನಿಯಮ, ಅವರನ್ನೇ ಕಳ್ಳ ಎಂದು ಹುಡುಕುವವರೂ ಮುರಿಯಲಿಲ್ಲ.

ಮರುದಿನ ಅವರು ಹೊರಟರು. ಬಟ್ಟೆ ಒಂದು ಅರೆಪೆಟ್ಟಿಗೆಯಲ್ಲಿ, ಉಳಿಗಳು ಒಂದು ಕಾಲುಪೆಟ್ಟಿಗೆಯಲ್ಲಿ. ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ವರ್ಕ್‌ಶಾಪಿಗೆ ಬೇರೆ ರಸಮಟ್ಟ ಬಂತು, ಗಿಡ್ಡದ್ದು. ಅದನ್ನು ತೂಗು ಹಾಕಿದರೂ ಸುತ್ತ ಕೆಂಪು ಕಾಣುತ್ತಲೇ ಇತ್ತು. ಹೊಸ ಕೆಲಸಗಾರ ಅದರ ಮೇಲೆ ಬಣ್ಣ ಬಳಿಯಲಿಲ್ಲ. ಕೆಲವು ತಿಂಗಳ ನಂತರ ನಾವೂ ಕ್ಯಾಂಪು ಬಿಟ್ಟೆವು. ಅಪ್ಪ ಪೆಟ್ಟಿಗೆಗಳನ್ನೆಲ್ಲ ಲಾರಿಗೆ ಹಾಕಿ ನಮ್ಮ ಹಟ್ಟಿಯ ಮನೆಗೆ ತಂದರು. ಗೋಡೆಗೆ ಮರದ ಬೆಣೆ ಬಡಿದು ಪಟ್ಟಿ ಹೊಡೆದರು. ಅದೇ ಎತ್ತರ, ಮೂರು ಸಾಲು. ಮಾಮಿಯ ಸಂಬಂಧದ ಮಾತು ಅಷ್ಟರಲ್ಲಿ ನಿಂತುಹೋಗಿತ್ತು. ಯಾಕೆ ನಿಂತಿತೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಮತ್ತೆ ಮದುವೆಯಾಗಲಿಲ್ಲ.

ಊಟಿಯಲ್ಲೂ ಕೂನೂರಿನಲ್ಲೂ ಯಾವ ವರ್ಕ್‌ಶಾಪಿನವರೂ ಅಣ್ಣನನ್ನು ಸೇರಿಸಲಿಲ್ಲವಂತೆ. ಸಾಮಾನು ನಂಬಿ ಕೊಡಬೇಕಾದ ಕೆಲಸ ಅದು. ಅವರು ಘಟ್ಟ ಇಳಿದು ತೆಪ್ಪಕಾಡಿನ ಕಡೆ ಹೋದರು.

ಅಲ್ಲಿ ಒಮ್ಮೆ ಅವರನ್ನು ನೋಡಿದೆ. ಮೈಸೂರಿಗೆ ಓದಲು ಹೋಗುವಾಗ ಬಸ್ಸು ತೆಪ್ಪಕಾಡಿನಲ್ಲಿ ನಿಂತಿತು. ಟೀ ಅಂಗಡಿಯ ಒಳಗೋಡೆಗೆ ಓರೆ ಪಟ್ಟಿ, ಅದರ ಮೇಲೆ ಸಾಲಾಗಿ ಅರೆ, ಕಾಲು, ಕಾಲು. ಅದನ್ನು ನೋಡಿಯೇ ಇಳಿದೆ. ಅವರು ಬೆಂಚಿನ ಮೇಲೆ ಕೂತಿದ್ದರು, ಕೂದಲು ಬೆಳ್ಳಗಾಗಿತ್ತು. ಆನೆ ಕ್ಯಾಂಪಿನ ಮಾವುತರ ಮನೆಗಳಿಗೆ ಪಟ್ಟಿ ಹೊಡೆದುಕೊಡುತ್ತಿದ್ದೇನೆ ಎಂದರು. ಹಗ್ಗ, ಸರಪಳಿ, ಅಂಕುಶ, ಒಂದೊಂದಕ್ಕೂ ಜಾಗ.

"ಆಕಾರ ಬರೆಯುತ್ತೀರಾ ಅಣ್ಣ? ಕೆಂಪಲ್ಲಿ?"

"ಇಲ್ಲೆ" ಎಂದರು. "ಆಕಾರ ಬರೆಯೋದು ಬಿಟ್ಟೆ."

ಬಸ್ಸಿನವ ಹಾರನ್ ಹೊಡೆದ. ಅವರು ನನ್ನ ಹಿಂದಿನ ಗೋಡೆ ನೋಡುತ್ತಾ ಕೇಳಿದರು: "ಪೆಟ್ಟಿಗೆಯೆಲ್ಲ ಮಟ್ಟಕ್ಕೆ ಇವೆಯಾ?" ಆಮೇಲೆ: "ಮಾಮಿ ಆ ಮೇಲಿನ ಅರೆಪೆಟ್ಟಿಗೆ ಎಂದಾದರೂ ಇಳಿಸಿದ್ದಳಾ?"

ನಾನು "ಗೊತ್ತಿಲ್ಲ ಅಣ್ಣ" ಎಂದು ಬಸ್ಸಿಗೆ ಓಡಿದೆ.

ಎರಡನೆಯ ಪ್ರಶ್ನೆಯನ್ನು ಅವರು ಕೇಳಿದ್ದು ನಿಜವೇ? ಆ ದಿನದ ಡೈರಿ ತೆಗೆದು ನೋಡಿದೆ. "ತೆಪ್ಪಕಾಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಗೋಡೆ ಅಣ್ಣ ಸಿಕ್ಕಿದರು. ಪೆಟ್ಟಿಗೆಗಳ ವಿಚಾರ ಕೇಳಿದರು. ಟೀ ಚೆನ್ನಾಗಿರಲಿಲ್ಲ." ಇಷ್ಟೇ. ಹತ್ತೊಂಬತ್ತು ವರ್ಷದ ಆ ಹುಡುಗಿಗೆ ಟೀ ರುಚಿ ಬರೆಯಲು ಜಾಗವಿತ್ತು, ಒಬ್ಬ ಮನುಷ್ಯ ಏನು ಕೇಳಿದ ಎಂದು ಬರೆಯಲು ಇರಲಿಲ್ಲ.

ಮಾರ್ಕೆಟ್ಟಿನಲ್ಲಿ ಸುದ್ದಿ ಕೇಳಿದ ವಾರವೇ ಹಟ್ಟಿಗೆ ಹೋದೆ. ಮಾಮಿ ಟೀ ಎಲೆ ಕೀಳಲು ಹೋಗಿದ್ದಳು. ಪೆಟ್ಟಿಗೆಗಳನ್ನು ಸುಮ್ಮನೆ ನೋಡಬೇಕೆಂದಷ್ಟೇ ಇತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಸ್ಟೂಲು ಎಳೆದುಕೊಂಡೆ, ಕ್ಯಾಂಪಿನಿಂದ ಬಂದದ್ದೇ, ಒಂದು ಕಾಲು ಮೋಟು. ಮೇಲಿನ ಸಾಲಿನ ಅರೆಪೆಟ್ಟಿಗೆಯನ್ನು ಎತ್ತಿ ಇಳಿಸಿದೆ. ನಾನು ಹೆಂಗಸು, ನಿಯಮ ಮುರಿದ ಹಾಗಾಗಲಿಲ್ಲ. ಆದರೂ ಬಾಗಿಲ ಕಡೆ ಒಮ್ಮೆ ನೋಡಿದೆ.

ಮೇಲೆ ಅವಳ ಮದುವೆಯ ಕಂಬಳಿ. ಅದರ ಕೆಳಗೆ ಹಳೆಯ ಬಿಳಿ ಮುಂಡಿನ ತುಂಡಿನಲ್ಲಿ ಸುತ್ತಿದ ರಸಮಟ್ಟ.

ಹಿತ್ತಾಳೆ ಕಪ್ಪಾಗಿತ್ತು. ನೀರು ಹಸಿರಿರಲಿಲ್ಲ, ಬರೀ ಹಳದಿ. ಹಸಿರು ಎಂದು ನಾನು ಮೇಲೆ ಬರೆದದ್ದನ್ನು ತಿದ್ದದೆ ಬಿಟ್ಟಿದ್ದೇನೆ.

ಅಲ್ಲಿಂದ ನನ್ನ ತಲೆ ಒಂದು ಕಡೆ ನಿಂತಿಲ್ಲ. ಅಣ್ಣ ಆ ಮಧ್ಯಾಹ್ನ ಪಟ್ಟಿ ಹೊಡೆದು ತೆರೆದಿದ್ದ ಪೆಟ್ಟಿಗೆಯಲ್ಲಿ ರಸಮಟ್ಟ ಮರೆತಿಟ್ಟು ಹೋಗಿರಬಹುದು. ಮಾಮಿ ನೋಡದೆ ಅದರ ಮೇಲೆ ಕಂಬಳಿ ಹಾಕಿರಬಹುದು. ಸಂಜೆ ಅವರಿಗೆ ನೆನಪಾಗಿರಬಹುದು. ಹೇಳಿದ್ದರೆ, ಮನೆಯ ಗಂಡಸು ಲಾರಿಯಲ್ಲಿ ಹೋಗಿದ್ದಾಗ ಹೆಣ್ಣೊಬ್ಬಳೇ ಇದ್ದ ಮನೆಯಲ್ಲಿ ನಿನಗೇನು ಕೆಲಸ ಎಂಬ ಮಾತು ಎಡಪಳ್ಳಿಯವರೆಗೂ ಹೋಗುತ್ತಿತ್ತು. ಕಳ್ಳನಾಗುವುದು ಅವರಿಗೆ ಅದಕ್ಕಿಂತ ಸುಲಭವೆನಿಸಿರಬಹುದು. ಆದರೆ ಮರೆತಿಟ್ಟ ಸಾಮಾನನ್ನು ಮುಂಡಿನ ತುಂಡಿನಲ್ಲಿ ಸುತ್ತಿದವರು ಯಾರು? ಆ ಬಟ್ಟೆ ಮಾಮಿಯದೇ ಎಂದು ಹೇಳಲಾರೆ. ನಮ್ಮಲ್ಲಿ ಗಂಡಸರೂ ಹೆಂಗಸರೂ ಉಡುವುದು ಬಿಳಿಯೇ. ಪೆಟ್ಟಿಗೆಗಳೂ ಎಲ್ಲ ಒಂದೇ ಥರ. ಕ್ಯಾಂಪು ಬಿಡುವಾಗ ಇನ್ನಾವುದೋ ಮನೆಯ ಅರೆಪೆಟ್ಟಿಗೆ ನಮ್ಮ ಲಾರಿಗೆ ಸೇರಿಬಂದಿದ್ದರೆ? ಹಾಗಾಗುವುದಿತ್ತು, ಒಮ್ಮೆ ನಮ್ಮ ರಾಗಿ ಹಿಟ್ಟು ಬೇರೆಯವರ ಮನೆ ಸೇರಿ ಅವರ ಸೋಪು ನಮಗೆ ಬಂದಿತ್ತು. ಹಾಗಾದರೆ ಮಾಮಿಯ ಕಂಬಳಿ ಅದರಲ್ಲಿ ಹೇಗೆ?

ಇಷ್ಟರಲ್ಲೇ ನಿಲ್ಲಿಸಬಹುದಿತ್ತು. ಏನೋ ತೋಚಿ ಪೆಟ್ಟಿಗೆಯನ್ನು ಮತ್ತೆ ಪಟ್ಟಿಗೆ ಕೂರಿಸಿ ಅದರ ತಲೆಯ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಅತ್ತಿತ್ತ ಹೋಗಿ ಎರಡು ಗೆರೆಗಳ ನಡುವೆ ನಿಂತಿತು. ಕೆಳಗಿನ ಸಾಲಿನ ಪೆಟ್ಟಿಗೆಗಳ ಮೇಲಿಟ್ಟೆ. ಅಲ್ಲೂ ನಡುವೆ. ಮೂರು ಸಾಲೂ ಕೂದಲೆಳೆಯಷ್ಟೂ ಓರೆಯಿ‍ಲ್ಲ.

ಈ ಮನೆಯ ಪಟ್ಟಿ ಹೊಡೆದದ್ದು ಅಪ್ಪ. "ಕಣ್ಣಳತೆಯಲ್ಲೇ ಹೊಡೆದೆ" ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ಅಪ್ಪನ ಕಣ್ಣಳತೆ ನನಗೆ ಗೊತ್ತು. ಅವರು ಕಟ್ಟಿದ ಕೋಳಿಗೂಡಿನಿಂದ ಮೊಟ್ಟೆ ತಾನಾಗಿ ಉರುಳಿ ಹೊರಗೆ ಬರುತ್ತಿತ್ತು. ರಸಮಟ್ಟವಿಲ್ಲದೆ ಅವರ ಕೈಯಲ್ಲಿ ಇಷ್ಟು ಮಟ್ಟ ಬರುವುದಿಲ್ಲ.

ನನಗೊಂದು ನೆನಪಿದೆ. ಮೋಟು ಕಾಲಿನ ಸ್ಟೂಲಿನ ಮೇಲೆ ನಿಂತಿದ್ದೇನೆ, ಅದು ಅಲುಗಾಡುತ್ತಿದೆ. ಕಣ್ಣ ಮುಂದೆ ಗುಳ್ಳೆ. ಪಕ್ಕದಲ್ಲಿ ಸುತ್ತಿಗೆ ಹಿಡಿದ ಕೈ, ಮುಖ ಕಾಣುವುದಿಲ್ಲ. ಎಡಗೈಯಾದರೆ ಅದು ಗೋಡೆ ಅಣ್ಣ, ಕ್ಯಾಂಪಿನ ಮನೆ. ಬಲಗೈಯಾದರೆ ಅಪ್ಪ, ಈ ಮನೆ. ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ಸುತ್ತಿಗೆ ಒಮ್ಮೆ ಈ ಕೈಯಲ್ಲಿ, ಒಮ್ಮೆ ಆ ಕೈಯಲ್ಲಿ. ಅಪ್ಪನ ಕೈಯಾಗಿದ್ದರೆ ರಸಮಟ್ಟ ನಮ್ಮಲ್ಲೇ ಇದೆಯೆಂದು ಅಪ್ಪನಿಗೂ ಗೊತ್ತಿತ್ತು, ಮಾಮಿಗೂ ಗೊತ್ತಿತ್ತು. ಅಣ್ಣ ಘಟ್ಟ ಇಳಿದು ಕೆಲವೇ ತಿಂಗಳಾಗಿತ್ತು. ಕರೆದು ಕೊಟ್ಟಿದ್ದರೆ ಆ ಹೆಸರು ಅಳಿಸಿಹೋಗುತ್ತಿತ್ತು. ಆಗ ನನಗೆ ಹತ್ತು ವರ್ಷ. ಏನನ್ನು ಹಿಡಿದಿದ್ದೇವೆ ಎಂದು ಗೊತ್ತಾಗದ ವಯಸ್ಸಲ್ಲ.

ಮಾಮಿ ಎಲೆ ಬುಟ್ಟಿ ಇಳಿಸಿ ಒಳಗೆ ಬಂದಾಗ ರಸಮಟ್ಟ ಪೆಟ್ಟಿಗೆಯ ಮೇಲೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಗೋಡೆ ಅಣ್ಣ ಹೋದರಂತೆ, ಮಾಮಿ" ಎಂದೆ.

"ಕೇಳಿದೆ." ಕೈ ತೊಳೆದಳು. ಹೊರಗೆ ಎಲೆ ತೂಕದವರು ಕೂಗುತ್ತಿದ್ದರು. "ಒಳ್ಳೆಯ ಮನುಷ್ಯ. ಒಂದು ದಿನವಾದರೂ ಮುಖ ನೋಡಿ ಮಾತಾಡಲಿಲ್ಲೆ."

"ಇದು ಹೇಗೆ ಇಲ್ಲಿ?"

ಅವಳು ನನ್ನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ರಸಮಟ್ಟ ತೆಗೆದು ಅದೇ ಬಟ್ಟೆಯಲ್ಲಿ ಸುತ್ತಿದಳು. ತುದಿಗಳನ್ನು ಒಳಕ್ಕೆ ಮಡಚಿದ ರೀತಿ ನೋಡಿದರೆ ಕೈಗೆ ಅಭ್ಯಾಸವಿದ್ದಂತೆ ಕಂಡಿತು. ಅದೂ ನನ್ನ ಊಹೆಯಿರಬಹುದು. ಬಟ್ಟೆ ಮಡಚಲು ಯಾರಿಗೆ ಬರುವುದಿಲ್ಲ? ಕಂಬಳಿಯ ಕೆಳಗಿಟ್ಟಳು. ಆಗ ನಾನು ನಿಜವಾಗಿ ಕೇಳಬೇಕಾಗಿದ್ದದ್ದನ್ನು ಕೇಳಿದೆ. ಅವಳು ನನ್ನ ಹಿಂದಿನ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಬುಟ್ಟಿ ಎತ್ತಿಕೊಂಡು ಎಲೆ ತೂಗಿಸಲು ಹೋದಳು. ಅದಾದ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಊಟಕ್ಕೆ ಬಡಿಸಿದಳು, ಆರೋಗ್ಯ ವಿಚಾರಿಸಿದಳು, ಹೊರಡುವಾಗ ಬೀನ್ಸ್ ಕಟ್ಟಿಕೊಟ್ಟಳು. ಉತ್ತರ ಬಂದಿಲ್ಲ. ನಾನು ಕೇಳಿದ್ದು ಇದು:

"ಮಾಮಿ, ಈ ಮನೆಗೆ ಪಟ್ಟಿ ಹೊಡೆದ ದಿನ 'ಬಂತು, ಬಂತು' ಅಂತ ಕೂಗಿದವಳು ನಾನಾ?"